ದ್ವೀಪದ ಕೆತ್ತನೆಗಾರರಿಗೆ ಹಣ ಕೊಡಬೇಕೇ, ಸಾಮಾನು ಕೊಡಬೇಕೇ?

ಪ್ರಶ್ನೆ: ಗೆಳೆಯರ ಹಾಯಿದೋಣಿಯಲ್ಲಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಮರೋವೊ ಲಗೂನಿಗೆ (ಹವಳದ ದಿಬ್ಬಗಳ ಒಳಗಿನ ಕಡಲಕೊಳಕ್ಕೆ) ಹೊರಟಿದ್ದೇನೆ. ಅಲ್ಲಿಯವರು ಸಾಮಾನು ಪಡೆದು ಮರದ ಕೆತ್ತನೆಗಳನ್ನು ಕೊಡುತ್ತಾರಂತೆ. ಇಲ್ಲಿಂದ ಹಣ ಒಯ್ಯಲೇ, ಹಳೆಯ ಬಟ್ಟೆಬರೆ ಒಯ್ಯಲೇ? (ಓದುಗರು, ಹುಬ್ಬಳ್ಳಿ)

ಉತ್ತರ: ಹಣವನ್ನೂ ಒಯ್ಯಿರಿ, ಸಾಮಾನನ್ನೂ ಒಯ್ಯಿರಿ, ಆದರೆ ಯಾವುದು ಬೇಕೆಂಬುದನ್ನು ಕೆತ್ತಿದವರೇ ಹೇಳಲಿ. ಸಾಮಾನು ಕೊಟ್ಟರೆ ಅಗ್ಗಕ್ಕೆ ಸಿಗುತ್ತದೆ ಎಂಬ ಎಣಿಕೆಯನ್ನು ಮಾತ್ರ ಇಲ್ಲಿಯೇ ಬಿಟ್ಟು ಹೋಗಬೇಕು. ನಮ್ಮ ಊರುಗಳಲ್ಲಿ ಬಡಿಗೇರರು, ಕಂಬಾರರು ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಆಯದ ಕಾಳು ಪಡೆಯುತ್ತಿದ್ದರು; ಅಲ್ಲಿ ರೊಕ್ಕ ಕೈ ಬದಲಿಸುತ್ತಿರಲಿಲ್ಲ ಎಂದ ಮಾತ್ರಕ್ಕೆ ಲೆಕ್ಕವೇ ಇರಲಿಲ್ಲವೆಂದು ಹಾವೇರಿ ಕಡೆಯ ಯಾವ ಹಿರಿಯರೂ ಒಪ್ಪಲಾರರು. ಮರೋವೊದಲ್ಲಿಯೂ ಹಾಗೆಯೇ.

ದಡಕ್ಕೆ ಹೋಗುವ ಮೊದಲು ತಿಳಿದಿರಬೇಕಾದ ಒಂದು ಸಂಗತಿಯಿದೆ. ಸಾಲೊಮನ್ ದ್ವೀಪಗಳಲ್ಲಿ ಹೆಚ್ಚಿನ ನೆಲ ಕುಲಗಳ ಸಾಂಪ್ರದಾಯಿಕ ಒಡೆತನದಲ್ಲಿದೆ, ಹವಳದ ದಿಬ್ಬಗಳಿಗೂ ಮೀನು ಹಿಡಿಯುವ ನೀರಿಗೂ ವಾರಸುದಾರರಿದ್ದಾರೆ. ಆದ್ದರಿಂದ ಲಂಗರು ಹಾಕಿದೊಡನೆ ಊರ ಮುಖಂಡರನ್ನು ಕಂಡು ಅಪ್ಪಣೆ ಕೇಳುವುದು ಮೊದಲ ಕೆಲಸ. ಅದೇ ಸಾಗರದ ಫಿಜಿ ದ್ವೀಪಗಳಲ್ಲಿ ಇದಕ್ಕೆ ಸೆವುಸೆವು ಎಂಬ ವಿಧಿಯೇ ಇದೆ: ಯಂಗೋನ ಗಿಡದ ಒಣಬೇರಿನ ಕಟ್ಟನ್ನು ಮುಖಂಡರ ಮುಂದೆ ಇಟ್ಟು ಊರೊಳಗೆ ಬರಲು ಅನುಮತಿ ಬೇಡುತ್ತಾರೆ. ನಮ್ಮಲ್ಲಿ ವೀಳ್ಯ ಕೊಡುವುದಕ್ಕೆ ಅದು ಹತ್ತಿರದ್ದು. ಅದನ್ನು ಬೆಲೆಯೆಂದು ತಿಳಿಯುವುದು ತಪ್ಪು. ಮರೋವೊದ ಅನೇಕ ಹಳ್ಳಿಗಳು ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ್ದು, ಅವರ ವಿಶ್ರಾಂತಿಯ ದಿನವಾದ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಅಲ್ಲಿ ವ್ಯಾಪಾರ ಮಾಡುವುದಿಲ್ಲ.

ಕೆತ್ತನೆಗಾರರು ಸಾಮಾನ್ಯವಾಗಿ ತಾವೇ ಕಿರುದೋಣಿಗೆ ಹುಟ್ಟು ಹಾಕುತ್ತಾ ನಿಮ್ಮ ದೋಣಿಯ ಪಕ್ಕಕ್ಕೆ ಬರುತ್ತಾರೆ. ಎಬೊನಿಯ ಕರಿಮರದಲ್ಲಿ ಕಡೆದು, ಚಿಪ್ಪಿನ ಹೊಳೆಯುವ ಚೂರುಗಳನ್ನು ಕೂರಿಸಿದ ನುಝುನುಝು ಎಂಬ ರಕ್ಷಕ ಮೂರ್ತಿ ಅವರಲ್ಲಿ ಹೆಸರುವಾಸಿ. ಹಿಂದೆ ಅದನ್ನು ಯುದ್ಧದೋಣಿಯ ಮುಂಭಾಗದಲ್ಲಿ, ನೀರಿನ ಮಟ್ಟಕ್ಕೆ ಸಮೀಪವಾಗಿ ಕಟ್ಟುತ್ತಿದ್ದರು. ಇಂಥ ಕೆಲಸಕ್ಕೆ ಬೇಕಾಗುವುದು ಒಳ್ಳೆಯ ಉಳಿ, ಅರ, ಮರಳುಕಾಗದ, ಗಟ್ಟಿ ಅಂಟು. ನಿಮ್ಮ ಹಳೆಯ ಅಂಗಿಗಿಂತ ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡ ಒಂದು ಉಳಿ ಅವರಿಗೆ ಹೆಚ್ಚು ಬೆಲೆಯುಳ್ಳದ್ದು. ಅಕ್ಕಿ, ಮೀನಿನ ಗಾಳ, ಓದುವ ಕನ್ನಡಕವೂ ಉಪಯೋಗಕ್ಕೆ ಬರುತ್ತವೆ. ಆದರೆ ಶಾಲೆಯ ಶುಲ್ಕವನ್ನು, ದೋಣಿಯ ಯಂತ್ರಕ್ಕೆ ಪೆಟ್ರೋಲನ್ನು ಉಳಿಯಿಂದ ತೀರಿಸಲಾಗದು; ಹಣ ಕೇಳಿದವರಿಗೆ ಹಣವನ್ನೇ ಕೊಡಿ. ಹಳ್ಳಿಯಲ್ಲಿ ಚಿಲ್ಲರೆ ಸಿಗುವುದು ಕಷ್ಟವಾದ್ದರಿಂದ ಸಾಲೊಮನ್ ಡಾಲರಿನ ಸಣ್ಣ ನೋಟುಗಳನ್ನು ರಾಜಧಾನಿ ಹೊನಿಯಾರಾದಲ್ಲಿಯೇ ಮಾಡಿಸಿಕೊಳ್ಳಿ.

ಚೌಕಾಸಿಯ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ಧಾರವಾಡದಲ್ಲಿ ಗಂಟಿಲ್ಲದೆ, ಎಳೆ ಎಣಿಸಿ, ಗವಂತಿ, ಮುರಗಿ ಹೊಲಿಗೆ ಹಾಕಿದ ಕಸೂತಿ ಸೆರಗನ್ನು ಹಿಡಿದು ಅರ್ಧ ಬೆಲೆಗೆ ಕೇಳುವವರನ್ನು ಕಂಡಾಗಲೆಲ್ಲ, ಅದನ್ನು ಹೊಲಿದ ಹೆಣ್ಣುಮಗಳು ಕಣ್ಣು ಸವೆಸಿದ ದಿನಗಳನ್ನು ಇವರು ಯಾವ ಲೆಕ್ಕಕ್ಕೆ ಹಿಡಿದರೆಂದು ಸಂಕಟವಾಗುತ್ತದೆ. ದೋಣಿಯಲ್ಲಿ ಬಂದವರು ನಾಳೆ ಹೊರಟುಹೋಗುತ್ತಾರೆ, ಮತ್ತೊಬ್ಬ ಗಿರಾಕಿ ಎಂದು ಬರುವನೋ ತಿಳಿಯದು. ಆ ಒತ್ತಡವನ್ನು ಬಳಸಿಕೊಂಡು ಬೆಲೆ ಇಳಿಸಬಾರದು. ಎಷ್ಟು ದಿನದ ಕೆಲಸವೆಂದು ಕೇಳಿ, ನಿಮ್ಮಿಂದಾಗದಿದ್ದರೆ ಚಿಕ್ಕದೊಂದನ್ನು ಕೊಳ್ಳಿ. ಮಕ್ಕಳಿಗೆ ಸಿಹಿ ಹಂಚುವ ಬದಲು ಪುಸ್ತಕ, ಪೆನ್ಸಿಲ್ಲುಗಳನ್ನು ಶಿಕ್ಷಕರ ಕೈಗೆ ಒಪ್ಪಿಸುವುದು ಲೇಸು.

ಕೊಳ್ಳಬಾರದ ವಸ್ತುಗಳೂ ಇವೆ. ಕಡಲಾಮೆಯ ಚಿಪ್ಪಿನ ಅಂತರರಾಷ್ಟ್ರೀಯ ವ್ಯಾಪಾರವನ್ನು ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದ ನಿಷೇಧಿಸಿದೆ. ನಾಟಿಲಸ್ ಚಿಪ್ಪು 2016ರ ಸಮ್ಮೇಳನದಲ್ಲಿ ಅದರ ಎರಡನೆಯ ಪಟ್ಟಿಗೆ ಸೇರಿದ್ದರಿಂದ, ಅದನ್ನು ಕೂರಿಸಿದ ಕೆತ್ತನೆಯನ್ನು ಗಡಿ ದಾಟಿಸಲು ಪರವಾನಗಿ ಬೇಕಾಗುತ್ತದೆ. ಆದ್ದರಿಂದ ಯಾವ ಚಿಪ್ಪೆಂದು ಮೊದಲೇ ಕೇಳಿ; ಕೀಟಗಳು ಜೊತೆಗೆ ಬರದಂತೆ ತೊಗಟೆಯಾಗಲಿ ಹುಳು ಕೊರೆದ ತೂತಾಗಲಿ ಇಲ್ಲದ ಮರವನ್ನೇ ಆರಿಸಿ. ಕೆತ್ತಿದವರ ಹೆಸರನ್ನೂ ಊರನ್ನೂ ಅವರ ಕೈಯಲ್ಲೇ ಒಂದು ಚೀಟಿಯ ಮೇಲೆ ಬರೆಸಿಕೊಂಡು, ಆ ಮೂರ್ತಿಯೊಂದಿಗೇ ಇಟ್ಟುಕೊಳ್ಳಿ.