ಗೇಟ್‌ವೇ ಕಮಾನಿನ ಮೇಲಿನ ಇಸವಿ

ಊರಿನಿಂದ ನೆಂಟರು ಬಂದರೆ ಅವರಿಗೆ ಗೇಟ್‌ವೇ ಆಫ್ ಇಂಡಿಯಾ ತೋರಿಸದೆ ಕಳಿಸುವ ಪದ್ಧತಿ ಮುಂಬಯಿಯ ಮಾಟುಂಗಾ, ವಡಾಲಾ ಕಡೆಯ ನಮ್ಮವರಲ್ಲಿಲ್ಲ. ಫೋಟೋದ ಗಡಿಬಿಡಿಯಲ್ಲಿ ಕಮಾನಿನ ಮೇಲಿನ ಬರಹ ಓದುವವರು ಮಾತ್ರ ಕಡಿಮೆ. ದೊರೆ ಜಾರ್ಜ್ ಮತ್ತು ರಾಣಿ ಮೇರಿ ಭಾರತಕ್ಕೆ ಬಂದಿಳಿದ ನೆನಪಿಗೆ ಕಟ್ಟಿದ್ದು ಎಂದು ಅದರಲ್ಲಿದೆ. ಜಾರ್ಜ್ ಹೆಸರಿನ ಮುಂದಿನ ‘ವಿ’ ಅಕ್ಷರ ಅಸಲಿಗೆ ಅಂಕೆ, ಐದನೆಯವನು ಅಂತ. ಕೊನೆಗೆ ಡಿಸೆಂಬರ್ ಎರಡು, ಅದರ ಬೆನ್ನಿಗೆ ‘ಎಂ ಸಿ ಎಂ ಎಕ್ಸ್ ಐ’. ಇದು ರೋಮನ್ ಅಂಕೆಯಲ್ಲಿ ಬರೆದ ಇಸವಿ.

ಐ ಅಂದರೆ 1, ವಿ 5, ಎಕ್ಸ್ 10, ಎಲ್ 50, ಸಿ 100, ಡಿ 500, ಎಂ 1000. ಗಲ್ಲಾದ ನೋಟು ಎಣಿಸುವಂತೆ ದೊಡ್ಡದರಿಂದ ಚಿಕ್ಕದಕ್ಕೆ ಕೂಡಿಸುತ್ತ ಹೋಗುವುದು. ದೊಡ್ಡದರ ಎಡಕ್ಕೆ ಚಿಕ್ಕದು ಕೂತಿದ್ದರೆ ಅಷ್ಟನ್ನು ಕಳೆಯಬೇಕು. ಇಲ್ಲಿ ಮೊದಲ ಎಂ 1000. ‘ಸಿ ಎಂ’ ಸಾವಿರಕ್ಕೆ ನೂರು ಕಡಿಮೆ, 900. ‘ಎಕ್ಸ್ ಐ’ 11. ಒಟ್ಟು 1911.

ಹಾಗಂತ ಗೇಟ್‌ವೇ ಕಟ್ಟಿದ್ದು 1911ರಲ್ಲಿ ಅಂದುಕೊಳ್ಳಬೇಡಿ. ಅದು ದೊರೆ ಬಂದ ವರ್ಷ. ಅಡಿಗಲ್ಲು ಬಿದ್ದದ್ದು 1913ರ ಮಾರ್ಚ್ 31ಕ್ಕೆ, ಉದ್ಘಾಟನೆ 1924ರ ಡಿಸೆಂಬರ್ 4ಕ್ಕೆ.

ಕಳೆಯುವುದಕ್ಕೂ ಕಟ್ಟುಪಾಡಿದೆ. ಸಾವಿರದ ಹಿಂದೆ ಸಿ ಮಾತ್ರ ಕೂರಬಹುದು, ಐ ಕೂರುವಂತಿಲ್ಲ. ಆದ್ದರಿಂದ 1999ನ್ನು ‘ಎಂ ಐ ಎಂ’ ಎಂದು ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ, ‘ಎಂ ಸಿ ಎಂ ಎಕ್ಸ್ ಸಿ ಐ ಎಕ್ಸ್’ ಎಂದೇ ಬರೆಯಬೇಕು. ಈ ಮಡಿ ಈಚಿನದು. ರೋಮನ್ನರೇ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ: ರೋಮಿನ ಪುರಾತನ ಕ್ರೀಡಾಂಗಣ ಕೊಲೋಸಿಯಂನ 44ನೆಯ ಬಾಗಿಲಿನ ಮೇಲೆ ನಲವತ್ತನ್ನು ‘ಎಕ್ಸ್ ಎಲ್’ ಎಂದು ಕಳೆಯುವ ರೀತಿಯಲ್ಲಿ ಬರೆದು, ನಾಲ್ಕಕ್ಕೆ ನಾಲ್ಕು ಐ ಸಾಲಾಗಿ ಕೆತ್ತಿದ್ದಾರೆ.

ಇನ್ನೊಂದು ತಮಾಷೆ, ಅಂಕೆಯ ಉದ್ದಕ್ಕೂ ಬೆಲೆಗೂ ಇಲ್ಲಿ ತಾಳಮೇಳವಿಲ್ಲ. 1888 ಬರೆಯಲು ಹದಿಮೂರು ಅಕ್ಷರ ಬೇಕು, ಹನ್ನೆರಡೇ ವರ್ಷ ಕಳೆದ 1900ಕ್ಕೆ ಮೂರು ಸಾಕು. ಕಲ್ಲಿಗೆ ಇದು ಅಂದ. ಲೆಕ್ಕದ ಪುಸ್ತಕದಲ್ಲಿ ತಲೆನೋವು. ಬಿಡಿ, ಹತ್ತು, ನೂರುಗಳ ಸ್ಥಾನವಿಲ್ಲ, ಸೊನ್ನೆಯಿಲ್ಲ. ಒಂದರ ಕೆಳಗೊಂದು ಬರೆದು ಕೂಡಿಸುವುದಾದರೂ ಹೇಗೆ? ರೋಮನ್ನರು ಲೆಕ್ಕ ಮಾಡುತ್ತಿದ್ದುದು ಮಣೆಯ ಮೇಲೆ ಹರಳಿಟ್ಟು. ಅಂಕೆ ಉತ್ತರ ಬರೆದಿಡಲು. ಭಾರತದ ಅಂಕೆಗಳು ಅರಬರ ಮೂಲಕ ಯುರೋಪಿಗೆ ದಾಟಿದವು, 1202ರಲ್ಲಿ ಇಟಲಿಯ ಪೀಸಾದ ಗಣಿತಜ್ಞ ಫಿಬೊನಾಚಿ ಅವುಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. ಆದರೂ 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘ ತನ್ನ ಲೆಕ್ಕಪುಸ್ತಕಗಳಲ್ಲಿ ಅವನ್ನು ಬಳಸಕೂಡದೆಂದು ಕಟ್ಟಳೆ ಮಾಡಿತ್ತು!