ಬೈಗುಳಕ್ಕೆ ನಿಘಂಟಿನಲ್ಲಿ ಜಾಗವಿದೆಯೇ?

ಅವಾಚ್ಯ ಪದಗಳನ್ನು ಆಕರ ಗ್ರಂಥಗಳಲ್ಲಿ ಅಚ್ಚು ಹಾಕಬೇಕೇ ಬೇಡವೇ ಎಂಬ ತಕರಾರು ಕನ್ನಡದ್ದು ಮಾತ್ರವಲ್ಲ. 1928ರಲ್ಲಿ ಮುಗಿದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಅತಿ ಪ್ರಚಲಿತವಾದ ಎರಡು ಬೈಗುಳಗಳನ್ನು ಹೊರಗಿಟ್ಟಿತ್ತು. 1972ರ ಪುರವಣಿ ಸಂಪುಟದಲ್ಲಿ ಅವು ಒಳಗೆ ಬಂದವು. ಕನ್ನಡದಲ್ಲಿ ಕಿಟೆಲ್ 1894ರ ನಿಘಂಟಿಗೆ ಆಡುಮಾತನ್ನೂ ಗಾದೆಗಳನ್ನೂ ತಂದರು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮುಖ್ಯವಾಗಿ ಶಾಸನ, ಕಾವ್ಯಗಳ ಪ್ರಯೋಗಗಳನ್ನು ಆಧರಿಸಿತು. ಬರವಣಿಗೆಗೆ ಇಳಿಯದ ಬೈಗುಳ ಅಂಥ ಆಧಾರ ಎಲ್ಲಿಂದ ತಂದೀತು?

ಇದರ ಬಿಸಿ ಹೆಚ್ಚು ತಟ್ಟಿದ್ದು ಜಾನಪದ ಸಂಗ್ರಹಕ್ಕೆ. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಹೋಳಿ ಹುಣ್ಣಿಮೆಗೆ ಕಾಮಣ್ಣನನ್ನು ಕೂಡಿಸುತ್ತಾರೆ. ಹಲಗೆ ಬಡಿಯುತ್ತಾ, ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುತ್ತಾ ಹೇಳುವ ಸೊಲ್ಲುಗಳಲ್ಲಿ ದೇಹದ ಅಂಗಗಳ ಹೆಸರು ಎಗ್ಗಿಲ್ಲದೆ ಬರುತ್ತದೆ. ಅಚ್ಚಿಗೆ ಹೋಗುವಾಗ ಆ ಜಾಗದಲ್ಲಿ ಚುಕ್ಕಿಗಳು ಕೂತವು. ಎರಡನೆಯ ಸಾಲು ಪ್ರಾಸ ಹಿಡಿದು ಬಂದಿದ್ದೇ ಆ ಪದಕ್ಕೆ. ಪದ ಹೋದ ಮೇಲೆ ಉಳಿದ ಸಾಲು ಕುಂಟುತ್ತದೆ, ಹಾಡಿದವರ ಜಾಣ್ಮೆಯೂ ಕಾಣದಾಗುತ್ತದೆ. ಹಬ್ಬದ ದಿನ ಊರೇ ಒಪ್ಪಿಕೊಂಡ ಮಾತು ಪುಸ್ತಕದಲ್ಲಿ ಮೈಲಿಗೆಯಾಯಿತು.

ವಿಚಿತ್ರವೆಂದರೆ, ಮೈಯ ಮಾತಿಗೆ ತೋರಿದ ಈ ಮಡಿ ಮನಸ್ಸನ್ನು ಸೀಳುವ ಮಾತಿಗೆ ಇರಲಿಲ್ಲ. ತಲೆ ಬೋಳಿಸಿಕೊಳ್ಳಬೇಕಾಗಿದ್ದ ವಿಧವೆಯ ಸಂಕಟದಿಂದ ಹುಟ್ಟಿದ 'ಬೋಳಿ ಮಗ' ಎಂಬ ಬೈಗುಳ ಬಾಯಿಂದ ಬಾಯಿಗೆ ಸಲೀಸಾಗಿ ಸಾಗಿತು. ಜಾತಿಯ ಹೆಸರಿನ ಎದುರು 'ಕೀಳು' ಎಂಬ ಅರ್ಥ ಬರೆಯುವಾಗ ಹಳೆಯ ಕೋಶಗಳಿಗೆ ಅಳುಕಿರಲಿಲ್ಲ. ಅದು ನಿಂದೆ ಎಂಬ ಸೂಚನೆಯನ್ನೂ ಕೊಡಲಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆ ಪರಿಶಿಷ್ಟರನ್ನು ಸಾರ್ವಜನಿಕವಾಗಿ ಅವಮಾನಿಸುವುದನ್ನು ಅಪರಾಧವಾಗಿಸಿತು. 2016ರಲ್ಲಿ ಜಾರಿಗೆ ಬಂದ ತಿದ್ದುಪಡಿ ಜಾತಿ ಹೆಸರು ಹಿಡಿದು ಬೈಯುವುದನ್ನು ಬಿಡಿಸಿ ಹೇಳಿತು. ಇಷ್ಟಾದ ಮೇಲೂ ಕೋಶದ ಪುಟ ಇದು ನಿಂದೆ ಎಂದು ಹೇಳದಿದ್ದರೆ ಓದುವ ಹುಡುಗ ಅದನ್ನು ಬರೀ ಅರ್ಥವೆಂದೇ ತಿಳಿಯುತ್ತಾನೆ.

ಹಾಗೆಂದು ಪದವನ್ನೇ ಕಿತ್ತುಹಾಕಿದರೆ ನೋವಿನ ದಾಖಲೆಯೂ ಹೋಗುತ್ತದೆ. ಪದ ಪೂರ್ತಿ ಇರಲಿ. ಪಕ್ಕದಲ್ಲಿ ಯಾರು ಯಾರಿಗೆ ಅನ್ನುತ್ತಾರೆ, ಯಾರಿಗೆ ಅಂದರೆ ಅವಮಾನ ಎಂಬುದೂ ಇರಲಿ. ನಮ್ಮ ಕಡೆಯ 'ಮಂಗ್ಯಾ' ಎಂಬ ಮಾತನ್ನೇ ನೋಡಿ: ಗೆಳೆಯನ ಬೆನ್ನಿಗೆ ಗುದ್ದಿ ಅಂದರೆ ಸಲಿಗೆ, ಹಿರಿಯರ ಮುಖಕ್ಕೆ ಅಂದರೆ ಜಗಳ. ಈ ಎರಡೂ ಸಾಲು ಇಲ್ಲದೆ 'ಕೋತಿ' ಎಂದಷ್ಟೇ ಬರೆದ ನಮೂದು ಹೊರಗಿನಿಂದ ಬಂದವನನ್ನು ದಾರಿ ತಪ್ಪಿಸುತ್ತದೆ. ಶಾಲೆಯ ಮಕ್ಕಳಿಗೆ ಬೇರೆ ಕಿರುಕೋಶ ಮಾಡಲಿ. ದೊಡ್ಡ ಕೋಶದಲ್ಲಿ ಚುಕ್ಕಿ ಬೇಡ.