ನಂಜು ಬಂದದ್ದು ಪೈಪಿನಿಂದಲೇ?

ಬೆಂಗಳೂರಿನ ದೊಡ್ಡಾಸ್ಪತ್ರೆಗಳಲ್ಲಿ, ಬಾಯಿಂದ ಪೈಪು ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿ ಕೋಣೆಯ ಹೊರಗೆ ಕೂತವರ ಕಿವಿಗೆ ಬೀಳುವ ಮಾತು ಇದು: "ಚೆನ್ನಾಗೇ ಇದ್ರು, ಪೈಪ್ ಬಿಟ್ಟ ಮೇಲೆ ಜ್ವರ ಬಂತು, ನಂಜಾಯ್ತು." ಲಿವರ್ ಸಿರೋಸಿಸ್ ರೋಗಿಗಳ ಮನೆಯವರ ಈ ಅನುಮಾನಕ್ಕೆ ವೈದ್ಯರ ವಲಯದಲ್ಲೇ ಹಲವು ದಶಕಗಳ ಇತಿಹಾಸವಿದೆ.

ಕರುಳಿನ ರಕ್ತ ಹೃದಯಕ್ಕೆ ಹೋಗುವ ಮುನ್ನ ಲಿವರ್ ಹೊಕ್ಕು ಬರಬೇಕು. ಕರುಳಿನಿಂದ ತಪ್ಪಿಸಿಕೊಂಡ ಬ್ಯಾಕ್ಟೀರಿಯಾಗಳನ್ನು ಅಲ್ಲಿನ ಕಾವಲು ಕೋಶಗಳು ಹಿಡಿದು ಮುಗಿಸುತ್ತವೆ. ಸಿರೋಸಿಸ್‌ನಲ್ಲಿ ಆಗುವಂತೆ ಲಿವರ್ ಗಟ್ಟಿಯಾದರೆ, ರಾಜಕಾಲುವೆ ಕಟ್ಟಿಕೊಂಡಾಗ ಮಳೆನೀರು ಪಕ್ಕದ ಗಲ್ಲಿಗೆ ನುಗ್ಗುವಂತೆ, ರಕ್ತ ಅನ್ನನಾಳದ ಸಣ್ಣ ನಾಳಗಳಿಗೆ ನುಗ್ಗುತ್ತದೆ. ಅವು ಉಬ್ಬಿ ಒಂದು ದಿನ ಒಡೆದರೆ ರಕ್ತವಾಂತಿ. ಅಡ್ಡದಾರಿ ಹಿಡಿದ ಆ ರಕ್ತ ಸೋಸದೆಯೇ ಮೈಗೆ ಸೇರುತ್ತಿರುತ್ತದೆ. ಪೈಪು ಒಳಗೆ ಹೋಗುವ ಎಷ್ಟೋ ಮೊದಲೇ.

ಉಬ್ಬಿದ ನಾಳಕ್ಕೆ ಔಷಧ ಚುಚ್ಚಿ ಮುಚ್ಚುವ ಕ್ರಮವನ್ನು ಸ್ವೀಡನ್ನಿನ ಇಬ್ಬರು ವೈದ್ಯರು 1939ರಲ್ಲೇ ಪ್ರಕಟಿಸಿದ್ದರು. ಮೂಲೆ ಸೇರಿದ್ದ ಅದು 1970ರ ದಶಕದಲ್ಲಿ ಮತ್ತೆ ಬಳಕೆಗೆ ಬಂತು. ಬಾಯಿ, ಗಂಟಲು ದಾಟಿ ಬಂದ ಸೂಜಿ ನೇರ ರಕ್ತನಾಳಕ್ಕೇ ಚುಚ್ಚಿದರೆ ಬ್ಯಾಕ್ಟೀರಿಯಾ ಸುಮ್ಮನಿದ್ದೀತೆ? ಸರಾಸರಿ ಶೇ. 15ರಷ್ಟು ಸಲ ರಕ್ತದಲ್ಲಿ ಅವು ಸಿಕ್ಕವು. 1980ರ ದಶಕದಲ್ಲಿ ಮೂಲವ್ಯಾಧಿ ಚಿಕಿತ್ಸೆಯಿಂದ ಎರವಲು ಬಂದ, ಸೂಜಿಯ ಬದಲು ನಾಳವನ್ನೇ ಬಿಗಿಯುವ ರಬ್ಬರ್ ಬ್ಯಾಂಡಿನಿಂದ ಅದು ಶೇ. 9ರ ಆಸುಪಾಸಿಗೆ ಇಳಿಯಿತು. ಹಾಗೆ ಸಿಕ್ಕವೂ ಬಹುಪಾಲು ಸ್ವಲ್ಪ ಹೊತ್ತಿನಲ್ಲೇ ತಾವಾಗಿಯೇ ಮಾಯ.

ಕಥೆ ತಿರುಗಿದ್ದು 1990ರ ದಶಕದಲ್ಲಿ. ರಕ್ತವಾಂತಿಯಾಗಿ ಬರುವ ಸಿರೋಸಿಸ್ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ದಾಖಲಾಗುವ ಹೊತ್ತಿಗೇ ಸೋಂಕು ಇರುತ್ತದೆ. ಆಂಟಿಬಯಾಟಿಕ್ ಇಲ್ಲದಿದ್ದರೆ ಮುಂದಿನ ದಿನಗಳಲ್ಲಿ ಇನ್ನೂ ಹಲವರಿಗೆ ತಗಲುತ್ತದೆ. ಅಂದರೆ ಕಾರಣ ಹುಡುಕಬೇಕಾದದ್ದು ಪೈಪಿನಲ್ಲಲ್ಲ, ರಕ್ತಸ್ರಾವದಲ್ಲಿ. ಐದು ಪ್ರಯೋಗಗಳ 534 ರೋಗಿಗಳನ್ನು ಒಟ್ಟಿಗಿಟ್ಟು 1999ರಲ್ಲಿ ನೋಡಿದಾಗ, ಮೊದಲೇ ಆಂಟಿಬಯಾಟಿಕ್ ಕೊಟ್ಟವರಲ್ಲಿ ಸೋಂಕಷ್ಟೇ ಅಲ್ಲ, ಸಾವೂ ಕಡಿಮೆಯಾಗಿತ್ತು. 2004ರ ತೈವಾನ್ ಅಧ್ಯಯನದಲ್ಲಿ ಮತ್ತೆ ರಕ್ತ ಬರುವುದೂ ತಗ್ಗಿತು. 2006ರಲ್ಲಿ ಸ್ಪೇನಿನವರು ನಾರ್ಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆಯನ್ನು ಸೆಫ್ಟ್ರಿಯಾಕ್ಸೋನ್ ಎಂಬ ಇನ್ನೊಂದರ ಇಂಜೆಕ್ಷನ್ ಜೊತೆ ಹೋಲಿಸಿದರು. ಮಾತ್ರೆಯವರಲ್ಲಿ ಶೇ. 33, ಇಂಜೆಕ್ಷನ್‌ನವರಲ್ಲಿ ಶೇ. 11 ಸೋಂಕು. ದಿನಕ್ಕೆ ಒಂದು ಗ್ರಾಂ ಸೆಫ್ಟ್ರಿಯಾಕ್ಸೋನ್ ಎಂಬ ಇಂದಿನ ರೂಢಿಗೆ ಮುಖ್ಯ ಆಧಾರ ಇದೇ.

ಹಾಗಂತ ಪೈಪು ಪೂರ್ತಿ ನಿರಪರಾಧಿಯಲ್ಲ. ಪಿತ್ತನಾಳಕ್ಕೆ ಬಳಸುವ ಸ್ಕೋಪಿನ, ಅಂದರೆ ಪೈಪಿನ, ತುದಿಯ ಸಂದಿಯನ್ನು ತೊಳೆಯುವುದು ಎಷ್ಟು ಕಷ್ಟ ಎಂಬುದನ್ನು 2015ರ ಹೊತ್ತಿಗೆ ಅಮೆರಿಕದ ಆಸ್ಪತ್ರೆಗಳು ಕಲಿತದ್ದು ರೋಗಿಗಳಿಗೆ ಸೋಂಕು ಹರಡಿದ ಮೇಲೆ. ಬ್ಯಾಂಡ್ ಹಾಕುವ ಸ್ಕೋಪು ಬೇರೆ. ಗೊಂದಲದಲ್ಲಿ ಎರಡೂ ಒಂದಾಗಿಬಿಡುತ್ತವೆ.

ರಕ್ತಸ್ರಾವ ಇಲ್ಲದೆ, ದಿನಾಂಕ ಗೊತ್ತುಮಾಡಿಕೊಂಡು ಬ್ಯಾಂಡ್ ಹಾಕಿಸುವವರಿಗೆ ಸಾಮಾನ್ಯವಾಗಿ ಆಂಟಿಬಯಾಟಿಕ್ ಬೇಡ. ಆದರೂ "ಇರಲಿ" ಎಂದು ಐದು ದಿನದ ಮಾತ್ರೆ ಚೀಟಿಯಲ್ಲಿ ಬಂದುಬಿಡುತ್ತದೆ. ಆ "ಇರಲಿ"ಗೆ ಬೆಲೆಯಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವರದಿಗಳ ಪ್ರಕಾರ ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಬಹುಪಾಲು ಸೆಫ್ಟ್ರಿಯಾಕ್ಸೋನ್ ವರ್ಗದ ಔಷಧಗಳಿಗೆ ಜಗ್ಗುವುದಿಲ್ಲ. ಸ್ಪೇನಿನ ಶೇ. 11 ಇಲ್ಲಿಗೆ ಹಾಗೇ ಹೊಂದೀತು ಎಂದು ನಂಬುವುದು ಕಷ್ಟ.

ನಿಜಕ್ಕೂ ಔಷಧ ಬೇಕಾದವರು ಕೋಲಾರ, ರಾಮನಗರದ ಕಡೆಯಿಂದ ರಕ್ತ ಕಾರುತ್ತಾ ಆಂಬುಲೆನ್ಸಿನಲ್ಲಿ ಬರುತ್ತಿರುತ್ತಾರೆ. ಎಂಡೋಸ್ಕೋಪಿಗೆ ಬೆಂಗಳೂರೇ ಬೇಕಾಗಬಹುದು, ಇಂಜೆಕ್ಷನ್‌ಗೆ ಬೇಕಿಲ್ಲ. ಎಂಡೋಸ್ಕೋಪಿ ಮಾಡಿದ ಹೊತ್ತು ಕೇಸ್ ಶೀಟಿನಲ್ಲಿ ನಿಮಿಷ ಸಮೇತ ಇರುತ್ತದೆ. ಮೊದಲ ಡೋಸ್ ಎಲ್ಲಿ, ಎಷ್ಟೊತ್ತಿಗೆ ಬಿತ್ತು ಎಂದು ಹುಡುಕಿದರೆ, ಊರಿನಿಂದ ತಂದ ರೆಫರಲ್ ಚೀಟಿಯಲ್ಲಿ ಎಷ್ಟೋ ಸಲ ಆ ಸಾಲೇ ಇರುವುದಿಲ್ಲ.